ಬಾಯಿ ತೆಗೀರಿ ಅಂತ ಒಂದ್ ಮಾತು ಹೇಳೋಕೆ ಏನ್ರೀ ಕಷ್ಟ

ಈ ಕ್ಲಿನಿಕ್ ಡಾಕ್ಟ್ರುಗಳ ಮೇಲೆ ನಂಗಿರೋ ಸಿಟ್ಟು ಇವತ್ತು ಹೇಳ್ಕೊಳ್ಳೇಬೇಕು. ಜ್ವರ ಅಂದ್ರೆ ನಾಲಿಗೆ ನೋಡ್ತಾರೆ, ಗಂಟಲು ನೋವು ಅಂದ್ರೆ ಟಾರ್ಚ್ ಹಾಕಿ ಆ ಅನ್ನಿ ಅಂತಾರೆ, ಅದೇ ಹಲ್ಲು ನೋವು ಅಂದ್ರೆ ಸಾಕು ಕೈ ಸೀದಾ ಇಂಜೆಕ್ಷನ್ನಿಗೆ ಹೋಗುತ್ತೆ. ಬಾಯಿ ಒಳಗೆ ಏನಾಗಿದೆ ಅಂತ ಇಣುಕೂ ನೋಡಲ್ಲ.

ನಮ್ಮದು ಪಾವಗಡ ಕಡೆ. ಅಮ್ಮಂಗೆ ಶುಗರ್ ಇದೆ, ನಮ್ಮ ಕ್ಲಿನಿಕ್ ಡಾಕ್ಟ್ರಿಗೂ ಚೆನ್ನಾಗ್ ಗೊತ್ತು, ವರ್ಷಾನುಗಟ್ಟಲೆಯಿಂದ ಅವ್ರ ಹತ್ರಾನೇ ತೋರಿಸ್ತಿರೋದು. ಕೆಳಗಿನ ದವಡೆ ಹಲ್ಲು ನೋವು ಅಂತ ಹೋದ್ರೆ ಸೊಂಟಕ್ಕೊಂದು ಡೈಕ್ಲೋಫೆನಾಕ್ ಅನ್ನೋ ನೋವಿನ ಇಂಜೆಕ್ಷನ್ ಚುಚ್ಚಿ ಕಂದು ಕವರಲ್ಲಿ ಮಾತ್ರೆ ಹಾಕಿ ಕೊಟ್ರು, ಒಂದು ಕ್ಯಾಪ್ಸೂಲ್, ಒಂದು ಅರ್ಧ ಮುರಿದಿರೋ ಬಿಳೀ ಮಾತ್ರೆ, ಕವರ್ ಮೇಲೆ 1-0-1 ಅಂತ ಬಿಟ್ರೆ ಹೆಸರೂ ಇಲ್ಲ ಏನೂ ಇಲ್ಲ. ನೋವು ನಿಲ್ತು. ಮಾತ್ರೆ ಮುಗೀತಿದ್ದಂಗೆ ಮತ್ತೆ ಶುರು. ಮತ್ತೆ ಹೋದ್ರೆ ಮತ್ತೆ ಅದೇ ಇಂಜೆಕ್ಷನ್, ಅದೇ ಕವರು. ಟಾರ್ಚ್ ಮಾತ್ರ ಟೇಬಲ್ ಮೇಲೆ, ಬಿಪಿ ಮಿಷಿನ್ ಪಕ್ಕದಲ್ಲೇ ಬಿದ್ದಿತ್ತು ಕಣ್ರೀ, ಅದನ್ನ ಎತ್ತಿ ಅರ್ಧ ನಿಮಿಷ ನೋಡಿದ್ರೆ ದವಡೆ ಹಲ್ಲಲ್ಲಿ ಮೆಣಸಿನಕಾಳು ಹಿಡಿಯೋವಷ್ಟು ತೂತು ಕಾಣ್ತಿತ್ತು. ನರ ಊದ್ಕೊಂಡು ಬರೋ ನೋವಿಗೆ ಆ್ಯಂಟಿಬಯಾಟಿಕ್ ಕೊಟ್ಟು ಪ್ರಯೋಜನ ಇಲ್ಲ, ಕೀವಾಗಿ ಬಾವು ಬಂದು ಜ್ವರ ಬಂದಾಗ ಬೇಕಾಗ್ಬಹುದು, ಆಗ್ಲೂ ಹುಳುಕು ಹಲ್ಲು ಹಂಗೇ ಇದ್ರೆ ಸೋಂಕು ಎಲ್ಲಿಗ್ ಹೋಗುತ್ತೆ, ಒಂದೋ ಒಳಗಿನ ನರ ತೆಗೆದು ಕ್ಲೀನ್ ಮಾಡಿ ತುಂಬೋ ರೂಟ್ ಕೆನಾಲ್ ಆಗ್ಬೇಕು ಇಲ್ಲಾ ಹಲ್ಲು ಕೀಳ್ಬೇಕು ಅಷ್ಟೇ. ಇನ್ನೊಂದು, ಇದ್ದಕ್ಕಿದ್ದಂಗೆ ನೋವು ನಿಂತ್ರೆ ವಾಸಿ ಆಯ್ತು ಅಂತಲ್ಲ, ಎಷ್ಟೋ ಸಲ ಒಳಗಿನ ನರ ಸತ್ತಿರುತ್ತೆ, ಕೀವು ಕೆಳಗಡೆ ಸದ್ದಿಲ್ದೆ ಬೆಳೀತಿರುತ್ತೆ. ಇದನ್ನ ನಮ್ಮ ಜನಕ್ಕೆ ಹೇಳೋರು ಯಾರು, ಮಾತ್ರೆ ಕೆಲ್ಸ ಮಾಡ್ತು ಅಂತ ಎಲ್ರೂ ಸುಮ್ನಾಗ್ತಾರೆ.

ಕೊನೆಗೆ ಒಂದಿನ ಬೆಳಿಗ್ಗೆ ಅಮ್ಮನ ದವಡೆ ಕೆಳಗೆ ಗಟ್ಟಿಯಾಗಿ ಊದಿತ್ತು. ಬಾಯಿ ಒಂದು ಬೆರಳು ಹೋಗೋಷ್ಟು ಮಾತ್ರ ತೆಗೀತಿದ್ರು, ಮುದ್ದೆ ನುಂಗೋಕಾಗ್ದೆ ಬರೀ ಸಾರು ಕುಡ್ಕೊಂಡು ಕೂತಿದ್ರು, ಅದೂ ಬಾಯಿ ಪಕ್ಕದಿಂದ ಸೋರ್ತಿತ್ತು. 100 ಕಿಲೋಮೀಟರ್ ಹತ್ರ ದೂರ ತುಮಕೂರಿಗೆ ಕರ್ಕೊಂಡ್ ಹೋದ್ವಿ. ಅಲ್ಲಿ ಡೆಂಟಿಸ್ಟ್ ನೋಡಿದ ತಕ್ಷಣ ಕೇಳಿದ್ದು, ಇಷ್ಟು ದಿನ ಏನ್ಮಾಡ್ತಿದ್ರಿ ಅಂತ. ಊತ ನಾಲಿಗೆ ಕೆಳಗೆ ಕುತ್ತಿಗೆಗೆ ಹರಡಿದ್ರೆ ಉಸಿರೇ ಕಟ್ಟುತ್ತೆ ಅಂದ್ರು. ಶುಗರ್ ಚೆಕ್ ಮಾಡಿದ್ರೆ ಯದ್ವಾತದ್ವಾ ಏರಿತ್ತು, ಸೋಂಕಿದ್ರೆ ಶುಗರ್ ಏರುತ್ತೆ, ಶುಗರ್ ಏರಿದ್ರೆ ಸೋಂಕು ಇಳಿಯಲ್ಲ. ಇದು ಶುಗರ್ ನೋಡೋ ಡಾಕ್ಟ್ರಿಗೆ ಗೊತ್ತಿಲ್ದಿರೋ ವಿಷಯಾನಾ? ಶುಗರ್ ಪೇಷಂಟಿಗೆ ಮೇಲಿಂದ ಮೇಲೆ ನೋವಿನ ಇಂಜೆಕ್ಷನ್ ಕೊಟ್ರೆ ಕಿಡ್ನಿ ಕಥೆ ಏನು ಅಂತ ಅವ್ರಿಗ್ ಯೋಚ್ನೆ ಬರ್ಲಿಲ್ವಾ?

ಎಂಬಿಬಿಎಸ್‌ನಲ್ಲಿ ಹಲ್ಲಿನ ಬಗ್ಗೆ ಹೆಚ್ಗೆ ಕಲಿಸಲ್ಲ, ಬಿಡಿಎಸ್ ಬೇರೇನೇ ಕೋರ್ಸು, ಒಪ್ಕೋತೀನಿ. ನೀವು ಹಲ್ಲು ಕೀಳಿ ಅಂತ ಯಾರೂ ಕೇಳ್ತಿಲ್ಲ ಸ್ವಾಮಿ. ಇದು ನನ್ ಕೈಲಾಗಲ್ಲ, ಇದು ಮಾತ್ರೇಲಿ ಹೋಗಲ್ಲ, ನಾಳೇನೇ ಹಲ್ಲಿನ ಡಾಕ್ಟ್ರಿಗೆ ತೋರ್ಸಿ ಅಂತ ಚೀಟಿ ಬರ್ದು ಕಳ್ಸಿ. ತಾಲ್ಲೂಕು ಆಸ್ಪತ್ರೇಲಿ ಹಲ್ಲಿನ ವಿಭಾಗ ಇರುತ್ತೆ, ತುಮಕೂರಲ್ಲಿ ಡೆಂಟಲ್ ಕಾಲೇಜೇ ಇದೆ. ನಮ್ಮ ಹಳ್ಳಿ ಜನ ಡೆಂಟಿಸ್ಟ್ ಮಾತಿಗಿಂತ ಫ್ಯಾಮಿಲಿ ಡಾಕ್ಟ್ರ ಮಾತು ಕೇಳ್ತಾರೆ, ಹಲ್ಲು ಕಿತ್ರೆ ಕಣ್ಣು ಹೋಗುತ್ತೆ ಅಂತ ಇನ್ನೂ ನಂಬೋರಿದಾರೆ, ಅಂಥೋರಿಗೆ ನೀವು ಹೇಳಿದ್ರೆ ಹೋಗ್ತಾರೆ.

ಇನ್ನು ನಮ್ಮ ಸೀಮೆ ನೀರಿನ ವಿಷ್ಯ. ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಊರಿಗೇ ಗೊತ್ತು, ಲೀಟರಿಗೆ 1.5 ಮಿಲಿಗ್ರಾಂ ದಾಟಬಾರ್ದು ಅನ್ನೋ ಲೆಕ್ಕ ಇದೆ. ನನ್ನ ಅಕ್ಕನ ಮಗಳ ಮುಂದಿನ ಹಲ್ಲೆಲ್ಲ ಕಂದು ಗೆರೆ. ಕ್ಲಿನಿಕ್ಕಲ್ಲಿ ಅವಳಿಗೆ ಹೇಳಿ ಕಳಿಸಿದ್ದು ಏನು ಗೊತ್ತಾ, ಸರಿಯಾಗ್ ಬ್ರಷ್ ಮಾಡಮ್ಮ ಅಂತ. ಆ ಫ್ಲೋರೈಡ್ ಕಲೆ ಹಲ್ಲು ರೂಪುಗೊಳ್ಳೋ ವಯಸ್ಸಲ್ಲೇ ಒಳಗಿಂದ ಕೂತಿರೋದು, ಎಷ್ಟು ಉಜ್ಜಿದ್ರೂ ಹೋಗಲ್ಲ. ಆ ಮಗು ಈಗ ನಗೋವಾಗ ಕೈ ಅಡ್ಡ ಇಟ್ಕೊಳ್ಳತ್ತೆ, ಜೊತೆಗೆ ಬ್ರಷ್ ಮಾಡಲ್ಲ ಅನ್ನೋ ಅಪವಾದ ಬೇರೆ.

ಅಮ್ಮಂಗೆ ಕೀವು ತೆಗೆದು ಹಲ್ಲು ಕಿತ್ತಾಯ್ತು, ಶುಗರ್ ಇಳೀತಾ ಇದೆ. ನಿನ್ನೆ ಪಕ್ಕದ್ಮನೆ ಅಜ್ಜಿ ಕೆನ್ನೆ ಹಿಡ್ಕೊಂಡು ಜಗಲಿ ಮೇಲೆ ಕೂತಿತ್ತು, ಕೈಯಲ್ಲಿ ಅದೇ ಕಂದು ಕವರು, ಕಿವಿ ನೋವು ಅಂತ ಹೇಳಿದ್ದಕ್ಕೆ ಕಿವಿಗೆ ಡ್ರಾಪ್ಸ್ ಬೇರೆ ಕೊಟ್ಟಿದಾರೆ. ದವಡೆ ಹಲ್ಲಿನ ನೋವು ಕಿವಿಗೂ ಹೊಡಿಯುತ್ತೆ ಅಂತ ನಂಗೇ ಗೊತ್ತಾಗಿದೆ ಈಗ. ಮೊಬೈಲ್ ಟಾರ್ಚ್ ಹಾಕಿ ಬಾಯಿ ತೆಗಿ ಅಜ್ಜಿ ಅಂದೆ, ಹುಳುಕು ಅಲ್ಲೇ ಇದೆ. ನಾಳೆ ಅಜ್ಜೀನ ಬೈಕಲ್ಲಿ ಕೂರಿಸ್ಕೊಂಡು ತಾಲ್ಲೂಕು ಆಸ್ಪತ್ರೆಗೆ ಹೊರಟಿದೀನಿ.