ಫುಜಿಯಾನ್‌ನಲ್ಲಿ ಅಣುಶಕ್ತಿ ಇಲ್ಲ, ನಿಜ. ಆದರೆ...

ಚೀನಾದ ಫುಜಿಯಾನ್ ವಿಮಾನವಾಹಕ ನೌಕೆಯ ಸುದ್ದಿ ಬಂದಾಗಲೆಲ್ಲ ನಮ್ಮವರದು ಒಂದೇ ಮಾತು: "ಅದರಲ್ಲಿ ಅಣುಶಕ್ತಿ ಎಲ್ಲಿದೆ? ಹಳೇ ಕಾಲದ ಹಬೆ ಹಡಗು." ಸುಳ್ಳೇನಲ್ಲ. 80,000 ಟನ್ನಿಗೂ ಮಿಕ್ಕಿದ ಆ ಹಡಗನ್ನು ಓಡಿಸುವುದು ಹಬೆಯ ಟರ್ಬೈನುಗಳೇ. ಎಣ್ಣೆ ಉರಿಸಬೇಕು, ದೂರ ಹೋದರೆ ಎಣ್ಣೆ ತುಂಬುವ ಹಡಗು ಜೊತೆಗಿರಬೇಕು, ಹೊಗೆ ಕೊಳವೆಗೂ ಜಾಗ ಕೊಡಬೇಕು. ಅಣುಶಕ್ತಿಯಿಂದ ಓಡುವ ಅಮೆರಿಕದ ವಿಮಾನವಾಹಕ ಫೋರ್ಡ್‌ಗೆ ಈ ತಾಪತ್ರಯ ಇಲ್ಲ. ಆದರೂ ಇದೊಂದನ್ನೇ ಹಿಡಿದು ಆಡಿಕೊಳ್ಳುವವರು ನೋಡಬೇಕಾದ್ದನ್ನು ನೋಡುತ್ತಿಲ್ಲ.

ನೋಡಬೇಕಾದ್ದು ಅದರ ಡೆಕ್ಕನ್ನು. 2025ರ ಸೆಪ್ಟೆಂಬರ್‌ನಲ್ಲಿ ಬಂದ ವಿಡಿಯೊಗಳಲ್ಲಿ, ವಿಮಾನದ ಮುಂಚಕ್ರ ಡೆಕ್ಕಿನ ಸೀಳಿನಲ್ಲಿರುವ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ, ಕೆಲವೇ ಸೆಕೆಂಡುಗಳಲ್ಲಿ ವಿಮಾನ ಗಾಳಿಯಲ್ಲಿರುತ್ತದೆ. ಹಬೆಯ ಬಲದಿಂದ ವಿಮಾನ ಎಸೆಯುವ ಹಡಗುಗಳ ಡೆಕ್ಕಿನಲ್ಲಿ ಏಳುವ ಹಬೆಯ ಮೋಡ ಇಲ್ಲಿ ಏಳುವುದೇ ಇಲ್ಲ. ಏಕೆಂದರೆ ಅದನ್ನು ಎಸೆಯುವುದು ವಿದ್ಯುತ್ಕಾಂತ. ಅಷ್ಟು ವಿದ್ಯುತ್ತನ್ನು ಜನರೇಟರ್‌ಗಳಿಂದ ನೇರವಾಗಿ ಒಂದೇಟಿಗೆ ಎಳೆದುಕೊಳ್ಳಲು ಆಗುವುದಿಲ್ಲ. ಮೊದಲು ಕೂಡಿಟ್ಟುಕೊಂಡು, ಆಮೇಲೆ ಒಮ್ಮೆಲೇ ಬಿಡಬೇಕು. ವುಹಾನ್‌ನ ನೌಕಾ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ಮಾ ವೇಯ್‌ಮಿಂಗ್ ಮತ್ತವರ ತಂಡ ವರ್ಷಗಟ್ಟಲೆ ಬೆವರು ಸುರಿಸಿದ್ದು ಇದಕ್ಕಾಗಿಯೇ. ವಿಮಾನದ ತೂಕಕ್ಕೆ ತಕ್ಕಂತೆ ಬಲ ಹೊಂದಿಸಬಹುದು. ಯುದ್ಧವಿಮಾನಗಳಾದ ಜೆ-15ಟಿ ಹಾರಿತು, ಜೆ-35 ಹಾರಿತು, ಪ್ರೊಪೆಲ್ಲರ್ ಇರುವ ಕೆಜೆ-600 ಕೂಡ ಹಾರಿತು. ನನಗೆ ಭಯ ಹುಟ್ಟಿಸುವುದು ಈ ಮೂರನೆಯದು. ಬೆನ್ನ ಮೇಲೆ ರಾಡಾರ್ ಹೊತ್ತು ದೂರದಿಂದಲೇ ಶತ್ರುವನ್ನು ಕಾಣುವ ವಿಮಾನ ಅದು. ಮೂತಿ ಮೇಲಕ್ಕೆ ಬಾಗಿದ ನಮ್ಮ ವಿಕ್ರಾಂತ್, ವಿಕ್ರಮಾದಿತ್ಯದಂಥ ಡೆಕ್ಕುಗಳಿಂದ ಆ ಬಗೆಯ ವಿಮಾನ ಹಾರಿಸುವುದು ಆಗದ ಮಾತು. ಆ ಕೆಲಸಕ್ಕೆ ನಾವು ಹೆಲಿಕಾಪ್ಟರ್ ನೆಚ್ಚಿಕೊಂಡಿದ್ದೇವೆ.

ಕಟ್ಟಿದ ಬಗೆಯೂ ಗಮನಿಸಿ. ಉಕ್ರೇನ್‌ನಿಂದ ಅರೆಬರೆ ಹಡಗು ತಂದು ಲಿಯಾವೊನಿಂಗ್ ಮಾಡಿಕೊಂಡರು, 2012. ಅದೇ ನಮೂನೆಯಲ್ಲಿ ದಾಲಿಯನ್‌ನಲ್ಲಿ ಶಾಂಡೊಂಗ್ ಕಟ್ಟಿದರು, 2019. ಆಮೇಲೆ ಶಾಂಘೈನ ಜಿಯಾಂಗ್ನಾನ್ ಹಡಗುಕಟ್ಟೆಯಲ್ಲಿ ದೈತ್ಯ ಬ್ಲಾಕುಗಳನ್ನು ಜೋಡಿಸಿ ತಮ್ಮದೇ ವಿನ್ಯಾಸದ ಫುಜಿಯಾನ್. 2022ರ ಜೂನ್‌ನಲ್ಲಿ ನೀರಿಗಿಳಿಯಿತು, 2025ರ ನವೆಂಬರ್‌ನಲ್ಲಿ ನೌಕಾಪಡೆ ಸೇರಿತು. ಒಂದು ಹಡಗು ಮುಗಿಸಿದ ಕೈ ತಣ್ಣಗಾಗುವ ಮೊದಲೇ ಇನ್ನೊಂದು ಶುರು. ಅವರ ನಿಜವಾದ ಬಲ ಇದು ಅಂತ ನಾನು ಖಂಡಿತವಾಗಿ ಹೇಳುತ್ತೇನೆ.

ನಮ್ಮಲ್ಲಿ ಸಾಮರ್ಥ್ಯ ಇಲ್ಲವೇ? ಕೊಚ್ಚಿಯಲ್ಲಿ ವಿಕ್ರಾಂತ್ ಕಟ್ಟಿ ತೋರಿಸಿದ್ದೇವೆ. ಬೆಂಗಳೂರಿನಲ್ಲಿ ರೂಪುಗೊಂಡ ನೌಕಾ ತೇಜಸ್, ಕಾರವಾರದಲ್ಲಿ ನೆಲೆ ಇರುವ ವಿಕ್ರಮಾದಿತ್ಯದ ಮೇಲೆ 2020ರ ಜನವರಿಯಲ್ಲೇ ಇಳಿದಿದೆ. ಆದರೆ ವಿಕ್ರಾಂತ್‌ಗೆ ಅಡಿಪಾಯ ಹಾಕಿದ್ದು 2009ರಲ್ಲಿ, ಸೇವೆಗೆ ಸೇರಿದ್ದು 2022ರಲ್ಲಿ. ಮುಂದಿನ ಹಡಗಿನ ಚರ್ಚೆ ವರ್ಷಗಳಿಂದ ಎಳೆದಾಡುತ್ತಲೇ ಇದೆ. ವಿಕ್ರಾಂತ್‌ನ ಉಕ್ಕು ಬೆಸೆದವರು, ವೈರಿಂಗ್ ಎಳೆದವರು ಚದುರಿ ಹೋಗುವ ಮೊದಲೇ ಕೊಚ್ಚಿಗೆ ಮುಂದಿನ ಆದೇಶ ಸಿಗಬೇಕು. ಅಣುಶಕ್ತಿಯೋ ಗ್ಯಾಸ್ ಟರ್ಬೈನೋ ಎಂಬ ಜಗಳದಲ್ಲಿ ಇನ್ನೊಂದು ದಶಕ ಕಳೆಯುವುದು ಬೇಡ.