ಸ್ಪಷ್ಟನೆ: ಜಾಯಿಂಟ್ ಪಿನ್ ಎಲ್ಲ ಕಡೆಗೂ ಆಗುವುದಿಲ್ಲ

ಸ್ಕ್ಯಾಫೋಲ್ಡಿಂಗ್ (ಕಟ್ಟಡ ಕೆಲಸಕ್ಕೆ ಕಟ್ಟುವ ತಾತ್ಕಾಲಿಕ ಅಟ್ಟಣಿಗೆ) ಪೈಪುಗಳನ್ನು ಉದ್ದಕ್ಕೆ ಸೇರಿಸಲು ಒಳಗೆ ಕೂರುವ ಜಾಯಿಂಟ್ ಪಿನ್ ಒಂದೇ ಸಾಕು ಎಂಬ ಮಾತು ಹರಿದಾಡುತ್ತಿದೆ. ಅದು ಅರ್ಧ ಮಾತ್ರ ನಿಜ. 48.3 ಮಿ.ಮೀ. ಹೊರವ್ಯಾಸದ ಪೈಪಿನೊಳಗೆ ಹಿಗ್ಗಿ ಹಿಡಿಯುವ ಈ ಪಿನ್ನಿಗೆ ಇರುವುದು ಬರೀ ಘರ್ಷಣೆಯ ಬಲ. ಭಾರ ಕೆಳಕ್ಕೆ ಒತ್ತುವ ನೆಟ್ಟ ಕಂಬಕ್ಕೆ ಸರಿ. ಎಳೆತ ಬಿದ್ದರೆ ಜಾರಿ ಕಳಚುತ್ತದೆ. ಒಳಗೆ ಸಿಮೆಂಟು, ತುಕ್ಕು ಕಟ್ಟಿದ್ದರಂತೂ ಕೇಳುವುದೇ ಬೇಡ.

ತೂಗುವ ಸ್ಕ್ಯಾಫೋಲ್ಡ್, ಗೋಡೆಯ ಟೈ (ಸ್ಕ್ಯಾಫೋಲ್ಡನ್ನು ಗೋಡೆಗೆ ಹಿಡಿದಿಡುವ ಪೈಪು), ಗಾಳಿಗೆ ಮೇಲೇಳಬಹುದಾದ ಕಂಬ, ಇಂಥಲ್ಲಿ ಹೊರಗಿನಿಂದ ಅಪ್ಪಿ ಹಿಡಿಯುವ ಸ್ಲೀವ್ ಕಪ್ಲರ್ ಬೇಕು. ಎರಡೂ ಪೈಪುಗಳ ತುದಿ ಅದರ ನಟ್ಟನಡುವೆ ಸಂಧಿಸಬೇಕು; ಒಂದು ಕಡೆ ಕಡಿಮೆ ಹೊಕ್ಕರೆ ಬೋಲ್ಟ್ ಎಷ್ಟು ಬಿಗಿದರೂ ವ್ಯರ್ಥ. ಸ್ಲೀವಿಗೂ ಮಿತಿಯಿದೆ. ಎಳೆತ ಹೆಚ್ಚಿದ್ದರೆ ಜೋಡಣೆಯ ಪಕ್ಕಕ್ಕೆ, ಎರಡೂ ಪೈಪುಗಳಿಗೆ ತಾಗುವಂತೆ, ಇನ್ನೊಂದು ತುಂಡು ಪೈಪನ್ನು ಸ್ವಿವೆಲ್ ಕಪ್ಲರ್‌ಗಳಿಂದ (ಯಾವ ಕೋನಕ್ಕೂ ತಿರುಗುವ ಹಿಡಿಕೆ) ಕಟ್ಟಿ.

ಯಾವ ಫಿಟ್ಟಿಂಗ್ ಆದರೂ ಅಕ್ಕಪಕ್ಕದ ಕಂಬಗಳ ಜೋಡಣೆ ಒಂದೇ ಮಟ್ಟದಲ್ಲಿ ಬರಕೂಡದು. ಅಡ್ಡಪೈಪಿನ ಜೋಡಣೆ ಎರಡು ಕಂಬಗಳ ನಡುಮಧ್ಯೆ ಬೇಡ, ಕಂಬದ ಹತ್ತಿರವಿರಲಿ.