ಕಲೆಗೆ ಬೆಲೆ ಕಟ್ಟುವವರು

ಕನ್ನಡದಲ್ಲಿ ಕಲೆ ಅನ್ನುವ ಪದಕ್ಕೆ ಎರಡು ಅರ್ಥ. ಒಂದು ಕಲಾವಿದರ ಕೈಯಲ್ಲಿದೆ, ಇನ್ನೊಂದು ನನ್ನ ಕೆನ್ನೆ ಮೇಲಿದೆ. ಮೊದಲನೆಯದಕ್ಕೆ ಬೆಲೆ ಕಟ್ಟಲು ಯಾರಿಂದಲೂ ಆಗುವುದಿಲ್ಲ ಅಂತಾರೆ. ಎರಡನೆಯದಕ್ಕೆ ಆಗಲೇ ಕಟ್ಟಿ ಆಗಿದೆ. ಕಂತಿನಲ್ಲೂ ಕಟ್ಟಬಹುದಂತೆ.

ಹರೆಯದಲ್ಲಿ ಬಂದ ಮೊಡವೆಗಳು ಹರೆಯದ ಜೊತೆಗೇ ಹೆಚ್ಚುಕಮ್ಮಿ ಹೊರಟುಹೋದವು. ಗುಳಿಗಳು ಮಾತ್ರ ಉಳಿದವು, ಮನೆ ಖಾಲಿ ಮಾಡಿದ ಬಾಡಿಗೆಯವರು ಗೋಡೆಯಲ್ಲಿ ಬಿಟ್ಟುಹೋದ ಮೊಳೆ ತೂತುಗಳ ಹಾಗೆ. ಗದ್ದದ ಹತ್ತಿರ ಒಂದೆರಡು ಮೊಡವೆ ಈಗಲೂ ಬಂದುಹೋಗುತ್ತವೆ. ಹಳೇ ಮನೆ ಹೇಗಿದೆ ಅಂತ ನೋಡಿಕೊಂಡು ಹೋಗುವುದಕ್ಕೆ ಇರಬೇಕು.

ಲೇಸರ್ ಮಾಡಿಸೋಣ ಅಂತ ಒಂದು ದೊಡ್ಡ ಸ್ಕಿನ್ ಕ್ಲಿನಿಕ್ಕಿಗೆ ಹೋದೆ. ಚರ್ಮದ ಡಾಕ್ಟರನ್ನು ನೋಡಲು ಹೋದೆ ಅಂತ ಬರೆದರೆ ಸುಳ್ಳಾಗುತ್ತದೆ. ನನಗೆ ಸಿಕ್ಕಿದ್ದು ಕೌನ್ಸೆಲರ್. ಕೋಟು ಬಿಳಿಯೇ, ನಗು ಇನ್ನೂ ಬಿಳಿ. ಹಾಳುಬಿದ್ದ ಜಾಗ ಕಂಡ ಕಂಟ್ರಾಕ್ಟರ್ ಕಣ್ಣಲ್ಲಿ ಏನು ಹೊಳೆಯುತ್ತದೋ ಅದು ನನ್ನ ಕೆನ್ನೆ ಕಂಡ ಅವರ ಕಣ್ಣಲ್ಲಿ ಹೊಳೆಯಿತು.

"ಡಾಕ್ಟರ್ ಯಾವಾಗ ನೋಡ್ತಾರೆ ಮೇಡಂ?"

"ಪ್ಯಾಕೇಜ್ ಫೈನಲ್ ಆದ್ಮೇಲೆ ಸಾರ್."

ಮದ್ದು ಮೊದಲು, ಕಾಯಿಲೆ ಆಮೇಲೆ. ನನಗೂ ಇದರಲ್ಲಿ ತಪ್ಪೇನೂ ಕಾಣಲಿಲ್ಲ ನೋಡಿ. ಸೋಫಾ ಅಷ್ಟು ಮೆತ್ತಗಿತ್ತು.

ಮೊದಲು ನನ್ನದೊಂದು ಫೋಟೋ ತೆಗೆದರು. ಗೋಡೆಗೆ ಒರಗಿಸಿ ನಿಲ್ಲಿಸಿ, ಪಕ್ಕದಲ್ಲಿದ್ದ ಒಂದೇ ಒಂದು ದೀಪ ಹಾಕಿ, "ನಗಬೇಡಿ ಸಾರ್" ಅಂದರು. ಆ ಫೋಟೋದಲ್ಲಿ ನನ್ನನ್ನು ನೋಡಿದರೆ ಯಾರೂ ಜಾಮೀನು ಕೊಡುವುದಿಲ್ಲ. ಆಮೇಲೆ ಆಲ್ಬಂ ತೆರೆದರು. ಎಡಕ್ಕೆ 'ಮೊದಲು', ಬಲಕ್ಕೆ 'ನಂತರ'. ಎಡಗಡೆಯವರೆಲ್ಲ ನನ್ನ ಹಾಗೆ ಕೈದಿಗಳು. ಬಲಗಡೆಯವರು ನಗುತ್ತಿದ್ದಾರೆ, ತಲೆ ಬಾಚಿದ್ದಾರೆ, ಹಿಂದಿನ ಗೋಡೆಯ ಬಣ್ಣ ಕೂಡ ತಿಳಿಯಾಗಿದೆ. ಲೇಸರ್ ಗೋಡೆಗೂ ಕೆಲಸ ಮಾಡುತ್ತದೆ ಅಂತ ಅವತ್ತೇ ಗೊತ್ತಾಗಿದ್ದು.

ಇಲ್ಲಿ ಸ್ವಲ್ಪ ಚಂದ್ರನ ವಿಷಯ ಹೇಳಬೇಕು. ಅಷ್ಟಮಿಯ ದಿನ ದುರ್ಬೀನು ಹಿಡಿದು ಚಂದ್ರನನ್ನು ನೋಡಿ. ಬೆಳಕು ಕತ್ತಲೆ ಸೇರುವ ಗೆರೆಯ ಹತ್ತಿರ ಒಂದೊಂದು ಗುಳಿಯೂ ಬಾವಿಯ ಹಾಗೆ ಕಾಣುತ್ತದೆ. ಹುಣ್ಣಿಮೆಯ ದಿನ ನೋಡಿ, ಅದೇ ಚಂದ್ರ ಸಪಾಟು. ಈ ಒಂದು ವಾರದಲ್ಲಿ ಯಾರೂ ಅಲ್ಲಿಗೆ ಹೋಗಿ ಲೇಸರ್ ಮಾಡಿಲ್ಲ. ಬೆಳಕು ಓರೆಯಾಗಿ ಬಿದ್ದರೆ ಗುಳಿಯ ಅಂಚು ನೆರಳು ಚೆಲ್ಲುತ್ತದೆ, ಎದುರಿನಿಂದ ಬಿದ್ದರೆ ನೆರಳೇ ಇಲ್ಲ. ಅಷ್ಟೇ. ಲೇಸರ್ ಬೆಳಕಿಗೆ ತಿಂಗಳುಗಟ್ಟಲೆ ಹಿಡಿಯುವ ಕೆಲಸವನ್ನು ಫೋಟೋದ ಬೆಳಕು ಒಂದು ಸೆಕೆಂಡಿನಲ್ಲಿ ಮುಗಿಸುತ್ತದೆ. ನೋವಿಲ್ಲ, ಊತ ಇಲ್ಲ. ಚಂದ್ರನಂಥ ಮುಖ ಅಂತ ಕವಿಗಳು ಯಾರನ್ನು ನೋಡಿ ಹೇಳಿದರೋ, ಆ ಹೋಲಿಕೆ ನಿಜವಾಗಿ ಸಲ್ಲಬೇಕಾದದ್ದು ನಮಗೆ.

"ಯಾವ ಮೆಷಿನ್?" ಅಂತ ಕೇಳಿದೆ. ಹಾಗೆ ಕೇಳಬೇಕು ಅಂತ ಗೆಳೆಯರು ಹೇಳಿಕೊಟ್ಟಿದ್ದರು. ಕತ್ತರಿ ಯಾವ ದೇಶದ್ದು ಅಂತ ವಿಚಾರಿಸಿಕೊಂಡು ಕ್ಷೌರಕ್ಕೆ ಕೂರುವವರು ಯಾರೂ ಇಲ್ಲ. ಲೇಸರ್ ವಿಷಯದಲ್ಲಿ ಮಾತ್ರ ಎಲ್ಲರೂ ಕತ್ತರಿ ಪರೀಕ್ಷೆ ಮಾಡುತ್ತಾರೆ.

"ಲೇಟೆಸ್ಟ್ ಸಾರ್" ಅಂದರು.

ಎಷ್ಟು ಲೇಟೆಸ್ಟು ಅಂತ ಮನೆಗೆ ಬಂದು ಓದಿಕೊಂಡೆ. ಥಿಯೋಡೋರ್ ಮೈಮನ್ ಮೊದಲ ಲೇಸರ್ ಬೆಳಗಿಸಿದ್ದು 1960ರಲ್ಲಿ. ಆಗ ಅದನ್ನು 'ಸಮಸ್ಯೆ ಹುಡುಕಿಕೊಂಡು ಹೊರಟ ಪರಿಹಾರ' ಅಂತ ತಮಾಷೆ ಮಾಡುತ್ತಿದ್ದರು. ಆ ಹುಡುಕಾಟ ನನ್ನ ಕೆನ್ನೆಗೆ ಬಂದು ಮುಟ್ಟಿದೆ ಅನ್ನಿ. 1964ರಲ್ಲಿ ಕುಮಾರ್ ಪಟೇಲ್ ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದರು. ಅದರ ಬೆಳಕಿನ ಅಲೆಯ ಉದ್ದ 10,600 ನ್ಯಾನೋಮೀಟರ್. ಕಣ್ಣಿಗೆ ಕಾಣದು, ಆದರೆ ನೀರು ಅದನ್ನು ಗಟಗಟ ಹೀರುತ್ತದೆ. ಚರ್ಮದ ತುಂಬ ನೀರೇ ಇರುವುದರಿಂದ ಬೆಳಕು ಬಿದ್ದ ಕಡೆ ಚರ್ಮ ಆವಿಯಾಗುತ್ತದೆ. ಹಿಂದೆ ಇಡೀ ಮೇಲ್ಪದರವನ್ನೇ ಹೀಗೆ ಸುಡುತ್ತಿದ್ದರು, ವಾಸಿಯಾಗಲು ವಾರಗಟ್ಟಲೆ ಬೇಕಿತ್ತು. 2004ರಲ್ಲಿ ಫ್ರಾಕ್ಷನಲ್ ಅನ್ನುವ ಉಪಾಯ ಬಂತು: ಚರ್ಮದಲ್ಲಿ ಸಣ್ಣ ಸಣ್ಣ ಚುಕ್ಕೆಗಳಷ್ಟೇ ಗಾಯ, ನಡುವೆ ಒಳ್ಳೆಯ ಚರ್ಮವನ್ನು ಹಾಗೇ ಬಿಡುವುದು. ಆ ಒಳ್ಳೆಯ ಚರ್ಮ ಪಕ್ಕದ ಗಾಯವನ್ನು ಬೇಗ ಮುಚ್ಚುತ್ತದೆ. ಒಳಗೆ ಹೊಸ ಕೊಲ್ಯಾಜೆನ್, ಅಂದರೆ ಚರ್ಮಕ್ಕೆ ಗಟ್ಟಿತನ ಕೊಡುವ ಪ್ರೋಟೀನ್, ಹುಟ್ಟಿ ಗುಳಿಯ ತಳ ಮೆಲ್ಲಗೆ ಮೇಲೇಳುತ್ತದೆ.

ಒಟ್ಟಿನಲ್ಲಿ ಹತ್ತಿಪ್ಪತ್ತು ಗುಳಿ ಮುಚ್ಚಲು ಸಾವಿರಾರು ಹೊಸ ಗುಳಿ ತೋಡುವುದು. ರಸ್ತೆ ಕಾಮಗಾರಿಯ ಹಾಗೆ ಕೇಳಿಸುತ್ತದೆ, ಅಲ್ವಾ? ಆದರೆ ಇದು ನಿಜವಾದ ವಿಜ್ಞಾನ, ಕೆಲಸವನ್ನೂ ಮಾಡುತ್ತದೆ. ನನ್ನ ತಕರಾರು ಲೇಸರ್ ಜೊತೆ ಅಲ್ಲವೇ ಅಲ್ಲ. ಪಾಪ, ಅದು ತೋರಿಸಿದ ಕಡೆ ಸುಡುತ್ತದೆ. ಕೈ ಯಾರದು ಅನ್ನುವುದು ಪ್ರಶ್ನೆ.

ಅದನ್ನೂ ಕೇಳಿದೆ.

"ನಮ್ಮ ಟೆಕ್ನಿಷಿಯನ್ ಮಾಡ್ತಾರೆ ಸಾರ್, ತುಂಬಾ ಎಕ್ಸ್‌ಪರ್ಟ್. ಡಾಕ್ಟರ್ ಉಸ್ತುವಾರಿಯಲ್ಲೇ."

"ಡಾಕ್ಟರ್ ಎಲ್ಲಿದ್ದಾರೆ?"

"ಇನ್ನೊಂದು ಬ್ರಾಂಚಲ್ಲಿ."

ಇನ್ನೊಂದು ಸಂಶಯ ಇತ್ತು. ನನ್ನದು ಕಂದು ಚರ್ಮ. ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ, ಹೇಗೆ ಕಪ್ಪಾಗುತ್ತದೆ ಅನ್ನುವುದರ ಮೇಲೆ 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಚರ್ಮವೈದ್ಯರು ಒಂದು ವರ್ಗೀಕರಣ ಶುರು ಮಾಡಿದರು, ಅದೀಗ 6 ಬಗೆಗಳಿಗೆ ಬೆಳೆದಿದೆ. ಚರ್ಮ ಕಪ್ಪಾದಷ್ಟೂ ಲೇಸರಿನ ಗಾಯ ಒಣಗುವಾಗ ಅಲ್ಲೇ ಕಪ್ಪು ಕಟ್ಟುವ ಅಪಾಯ ಜಾಸ್ತಿ. ಗುಳಿ ತುಂಬಿ ಬಣ್ಣ ಬಳಿದ ಹಾಗೆ ಆಗಿಬಿಡಬಹುದು. ಆಲ್ಬಂ ತಿರುವಿದೆ, ಎಲ್ಲರೂ ಹಾಲಿನಲ್ಲಿ ಅದ್ದಿ ತೆಗೆದವರು. "ನನ್ನ ಬಣ್ಣದವರದ್ದು ಒಂದು ಫೋಟೋ ತೋರಿಸ್ತೀರಾ?" ಅಂದೆ. ಮೇಡಂ ನನ್ನನ್ನು ಕರುಣೆಯಿಂದ ನೋಡಿ, ಬಿಳಿ ಮಾಡುವ ಪ್ಯಾಕೇಜಿನ ಪುಟ ತೆರೆದರು.

ಕೊನೆಗೆ ಒಪ್ಪಿಗೆ ಪತ್ರ. ಹೊರಗಿನ ಬೋರ್ಡಿನಲ್ಲಿ ಆಳೆತ್ತರದ ಅಕ್ಷರದಲ್ಲಿ '100% ಗ್ಯಾರಂಟಿ'. ಪತ್ರದ ಕೆಳಗೆ ಇರುವೆ ಗಾತ್ರದಲ್ಲಿ 'ಫಲಿತಾಂಶಕ್ಕೆ ಯಾವುದೇ ಭರವಸೆ ಇಲ್ಲ'. ಎರಡನ್ನೂ ಬರೆದಿದ್ದು ಅವರೇ. ಓದುವ ಕನ್ನಡಕ ತಂದಿಲ್ಲ ಅಂತ ಹೇಳಿ ಎದ್ದು ಬಂದೆ.

ಸರಿ, ಒಳ್ಳೆಯ ಡಾಕ್ಟರನ್ನು ಹುಡುಕುವುದು ಹೇಗೆ? ಗೆಳೆಯರನ್ನು ಕೇಳಿದೆ. ಒಬ್ಬ "ಡಾಕ್ಟರ ಮುಖ ನೋಡು, ಮುಖ ನುಣ್ಣಗಿದ್ದರೆ ಡಾಕ್ಟರ್ ಒಳ್ಳೆಯವರು" ಅಂದ. ಹಾಗಾದರೆ ಹಲ್ಲಿನ ಡಾಕ್ಟರ ಹಲ್ಲು, ಹೆರಿಗೆ ಡಾಕ್ಟರ ಮಕ್ಕಳನ್ನೂ ಎಣಿಸಬೇಕಾಗುತ್ತದೆ. ಇನ್ನೊಬ್ಬ, ಯಾರ ರೀಲ್ಸಿಗೆ ಜಾಸ್ತಿ ಲೈಕ್ ಇದೆಯೋ ಅವರೇ ಒಳ್ಳೆಯವರು ಅಂದ. ಚರ್ಮರೋಗದಲ್ಲಿ ಏನು ಓದಿದ್ದಾರೆ, ನೋಂದಣಿ ಇದೆಯಾ ಅಂತ ಒಬ್ಬನಿಗೂ ಗೊತ್ತಿರಲಿಲ್ಲ. ಯಾವ ಹಾಡಿಗೆ ಕುಣಿದಿದ್ದಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ಆಮೇಲೆ ಸ್ಟಾರ್‌ಗಳು. ಐದು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದುತ್ತಾ ಕೂತೆ. 'ಪಾರ್ಕಿಂಗ್ ಚೆನ್ನಾಗಿದೆ.' 'ಸ್ಟಾಫ್ ನಗುನಗುತ್ತಾ ಮಾತಾಡಿಸಿದರು.' 'ನಿನ್ನೆ ಮಾಡಿಸಿದೆ, ಇವತ್ತು ಗುಳಿಗಳೇ ಕಾಣಿಸುತ್ತಿಲ್ಲ!' ಕಾಣುವುದು ಹೇಗೆ? ಲೇಸರ್ ಆದ ಮೇಲೆ ಮುಖ ಊದುತ್ತದೆ, ಊದಿದಾಗ ಗುಳಿ ತುಂಬಿದಂತೆ ಕಾಣುತ್ತದೆ. ಊತ ಇಳಿದ ಮೇಲೆ ಗುಳಿ ವಾಪಸ್ ಬರುತ್ತದೆ. ಹೊಸ ಕೊಲ್ಯಾಜೆನ್ ಕಟ್ಟಲು ಮೂರರಿಂದ ಆರು ತಿಂಗಳು ಬೇಕು. ಸ್ಟಾರ್ ಕೊಟ್ಟಿದ್ದು ಊತಕ್ಕೆ. ಆರು ತಿಂಗಳು ಕಾದು ಸ್ಟಾರ್ ಕೊಡುವ ತಾಳ್ಮೆ ಇದ್ದವರು ಮೊಡವೆಯನ್ನು ಚಿವುಟಿಯೇ ಇರುತ್ತಿರಲಿಲ್ಲ.

ಕೊನೆಗೆ ಒಬ್ಬರು ವಯಸ್ಸಾದ ಡಾಕ್ಟರಮ್ಮನ ಹತ್ತಿರ ಹೋದೆ. ಮರದ ಬೆಂಚು, ಒಂದು ಫ್ಯಾನು. ಆಗಲೇ ನನಗೆ ಅನುಮಾನ ಬಂತು. ಕೌನ್ಸೆಲರ್ ಇಲ್ಲ, ನೇರವಾಗಿ ಡಾಕ್ಟರೇ ನೋಡುತ್ತಾರೆ ಅಂದರೆ ಏನರ್ಥ? ಅವರು ನನ್ನನ್ನು ಕಿಟಕಿಗೆ ಓರೆಯಾಗಿ ಕೂರಿಸಿ, ಎರಡು ಬೆರಳಲ್ಲಿ ಕೆನ್ನೆ ಹಿಗ್ಗಿಸಿ, ಬಿಟ್ಟು, ಮತ್ತೆ ಹಿಗ್ಗಿಸಿ ನೋಡಿದರು. ಗದ್ದದ ಎರಡು ಮೊಡವೆ ತೋರಿಸಿ, "ಮೊದಲು ಇದು ನಿಲ್ಲಲಿ. ಮಾಡು ಸೋರ್ತಾ ಇರೋವಾಗ ಗೋಡೆಗೆ ಸುಣ್ಣ ಹೊಡೀತಾರೇನಪ್ಪಾ?" ಅಂದರು. ಮೊಡವೆಗೆ ಅಂತ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ಯಾ, ಹಳೇ ಗಾಯ ಯಾವುದಾದರೂ ಗಂಟು ಕಟ್ಟಿದೆಯಾ, ತುಟಿ ಮೇಲೆ ನೀರುಗುಳ್ಳೆ ಏಳುತ್ತಾ, ಬಿಸಿಲಲ್ಲಿ ಕೆಲಸವಾ. ಮೆಷಿನ್ ವಿಷಯವೇ ಬರಲಿಲ್ಲ.

"ಈ ಕಂದು ಗುರುತು ಗುಳಿ ಅಲ್ಲ. ಸನ್‌ಸ್ಕ್ರೀನ್ ಹಚ್ಕೊಂಡು ಬಿಸಿಲು ತಪ್ಪಿಸಿದ್ರೆ ನಿಧಾನಕ್ಕೆ ಮಾಸುತ್ತೆ" ಅಂದರು. ಕ್ಲಿನಿಕ್ಕಿನ ಪ್ಯಾಕೇಜಿನಲ್ಲಿ ಅವನ್ನೂ ಎಣಿಸಿದ್ದರು. "ಗುಳಿ ನಿನಗೆ ಮೂರು ಥರ ಇದೆ. ಕೆಲವು ಸೂಜಿ ಚುಚ್ಚಿದ ಹಾಗೆ ಕಿರಿದು, ಆಳ. ಲೇಸರ್ ಅಷ್ಟು ಆಳಕ್ಕೆ ಸರಿಯಾಗಿ ಇಳಿಯಲ್ಲ. ಅದಕ್ಕೆ ಹಲ್ಲುಕಡ್ಡಿ ತುದೀಲಿ ಒಂದು ಗಟ್ಟಿ ಆಸಿಡ್ ತಗೊಂಡು ಒಂದೊಂದಕ್ಕೇ ಮುಟ್ಟಿಸ್ತೀನಿ. ಮನೇಲಿ ನೀನು ಪ್ರಯೋಗ ಮಾಡೋಕೆ ಹೋಗ್ಬೇಡ, ಮುಖ ಸುಟ್ಕೋತೀಯ. ಇನ್ನು ಕೆಲವು ಅಲೆ ಅಲೆಯಾಗಿ ಅಗಲ. ಒಳಗಿಂದ ನಾರು ಎಳೆದು ಹಿಡಿದಿದೆ, ಮೊದಲು ಸೂಜಿ ಹಾಕಿ ಅದನ್ನ ಬಿಡಿಸ್ಬೇಕು. ಉಳಿದವು ಬಟ್ಟಲಿನ ಹಾಗಿವೆ, ಅದಕ್ಕೆ ಲೇಸರ್ ಸರಿ. ಮೂರ್ನಾಲ್ಕು ಸಲ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ತಿಂಗಳಾದರೂ ಬಿಟ್ಟು."

ಸೂಜಿ! ಹಲ್ಲುಕಡ್ಡಿ! ನಾನು ಕುಗ್ಗಿಹೋದೆ. ಹಲ್ಲುಕಡ್ಡಿಗೆ ಬ್ರೋಷರ್ ಮಾಡಿಸಲು ಆಗುತ್ತದಾ? 'ಲೇಟೆಸ್ಟ್ ಹಲ್ಲುಕಡ್ಡಿ ಬಂದಿದೆ' ಅಂತ ಬೋರ್ಡು ಹಾಕಲು ಆಗುತ್ತದಾ?

"ಎಲ್ಲಾ ಹೋಗುತ್ತಾ ಡಾಕ್ಟ್ರೇ?"

"ಪೂರ್ತಿ ಹೋಗಲ್ಲ. ಕಮ್ಮಿ ಆಗುತ್ತೆ."

"ಎಷ್ಟು ಪರ್ಸೆಂಟ್?"

"ಪರ್ಸೆಂಟ್ ಹೇಳೋಕೆ ಇದೇನು ಬ್ಯಾಂಕೇನಪ್ಪಾ?"

ಅಲ್ಲಿಗೆ ನನಗಿದ್ದ ಅಷ್ಟಿಷ್ಟು ನಂಬಿಕೆಯೂ ಹೋಯಿತು. ಮುಖ ನೋಡಿದ್ದಾರೆ, ಕೇಳಬೇಕಾದ್ದನ್ನು ಕೇಳಿದ್ದಾರೆ, ಆಗದ್ದನ್ನು ಆಗುವುದಿಲ್ಲ ಅಂದಿದ್ದಾರೆ. ಇಂಥವರನ್ನು ನಂಬುವುದು ಹೇಗೆ? ಹೊರಗೆ ಬಂದು ಅವರ ಸ್ಟಾರ್ ನೋಡಿದೆ. ಎರಡೂವರೆ. ಯಾರೋ ಬರೆದಿದ್ದರು: 'ಅರ್ಧ ಗಂಟೆ ನೋಡಿದರು. ಏನೂ ಮಾಡಲಿಲ್ಲ. ಕಾಯಲು ಹೇಳಿದರು. ಪಾರ್ಕಿಂಗ್ ಇಲ್ಲ.'

ಆದರೂ ಅವರು ಬರೆದುಕೊಟ್ಟ ಮೊಡವೆ ಮುಲಾಮನ್ನು ಹಚ್ಚುತ್ತಾ ಕಾಯುತ್ತಿದ್ದೇನೆ. ಈ ನಡುವೆ ದೊಡ್ಡ ಕ್ಲಿನಿಕ್ಕಿನ ಮೇಡಂ ಫೋನ್ ಮಾಡುವುದು ಬಿಟ್ಟಿಲ್ಲ. "ಆಫರ್ ಇವತ್ತೇ ಕೊನೆ ಸಾರ್" ಅಂತ ಮೂರು ವಾರದಿಂದ ಹೇಳುತ್ತಿದ್ದಾರೆ. ಮೊನ್ನೆ, "ಈಗ ಹೇಗಿದೆ, ಸುಮ್ನೆ ಒಂದು ಫೋಟೋ ಕಳಿಸಿ ಸಾರ್" ಅಂದರು. ನಾನೂ ಸುಮ್ನೆ ಕಿಟಕಿಗೆ ಎದುರಾಗಿ ನಿಂತು, ತಲೆ ಬಾಚಿ, ನಗುತ್ತಾ ಒಂದು ಫೋಟೋ ತೆಗೆದು ಕಳಿಸಿದೆ.

ಎರಡೇ ನಿಮಿಷದಲ್ಲಿ ಫೋನ್ ಬಂತು.

"ಅಯ್ಯೋ ಸಾರ್, ಎಷ್ಟು ಚೆನ್ನಾಗಿ ಬಂದಿದೆ! ಎಲ್ಲಿ ಮಾಡಿಸಿದ್ರಿ?"

"ಎಲ್ಲೂ ಇಲ್ಲ ಮೇಡಂ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು:

"ಹಾಗಾದ್ರೆ ಈ ಫೋಟೋ ನಮ್ಮ ಆಲ್ಬಂಗೆ ಹಾಕ್ಕೊಳ್ಳಬಹುದಾ ಸಾರ್? ನಿಮ್ಮ 'ಮೊದಲು' ಹೇಗೂ ನಮ್ಮ ಹತ್ರ ಇದೆ."